ಹಾರಾಟ ಸಮಿತಿ

ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು,
ಎಷ್ಟೋ ಮದುವೆ ಕಾಗದಗಳಲ್ಲಿ
ವಧುವಿಗೆ ಮಹಾಪ್ರಾಣ ಕೊಟ್ಟು ಬದುಕಿಸಿದವನು.
ನನ್ನನ್ನು ಮೆರವಣಿಗೆಗೆ ಕರೆಯಬಾರದಿತ್ತು.
ಕರೆದರು. ಹೋದೆ. ಕಿಸೆಯಲ್ಲಿ ಕೆಂಪು ಪೆನ್ನು.

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡು, ಬೆಳಿಗ್ಗೆ ಹತ್ತು,
ಬೋರ್ಡುಗಳ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು.
ಮೊದಲ ಬ್ಯಾನರು ಬಿಚ್ಚಿದರು:
‘ಕನ್ನಡ ಶಾಲಾ ಹಾರಾಟ ಸಮಿತಿ.’
ಹೋಗಲಿ, ಒಂದು ಓತ್ವ ತಾನೆ ಅಂದುಕೊಂಡೆ,
ಬೆನ್ನಿಗೇ ಬಂತು
‘ನಮ್ಮ ಹಕ್ಕಿ ನಮಗೆ ಬೇಕು!’
ಕೊಂಬು ಕಳಕೊಂಡ ಹಕ್ಕು
ಗುಡಿಸು ಕಟ್ಟಿಕೊಂಡು ಕೂತಿದೆ, ಪಾಪ;
ಸಮಿತಿ ಹೇಗೂ ಹಾರಾಟದ್ದು.

ಬಂದೋಬಸ್ತಿನ ಪೊಲೀಸ, ಚೆರುವತ್ತೂರಿನವ,
ಪುತ್ತೂರಿನ ಹೆಣ್ಣು ತಂದು ಅಷ್ಟಿಷ್ಟು ಕನ್ನಡ ಕಲಿತವ,
ಕೂಡಿಸಿ ಕೂಡಿಸಿ ಓದಿದ:
“ಯಾವ ಹಕ್ಕಿ ಮಾಷೇ?
ಪಕ್ಷಿಯ ಕೇಸಾದರೆ ಫಾರೆಸ್ಟಿನವರಿಗೆ ಬರೆದುಕೊಡಬೇಕು.”
ತಮಾಷೆಗಲ್ಲ, ಉಪಕಾರಕ್ಕೆಂದೇ ಹೇಳಿದ.

ಬಾಬು ಮಣಿಯಾಣಿ ಎತ್ತಿದ ಬೋರ್ಡಿನಲ್ಲಿ
‘ಕನ್ನಡ ಬಾರದ ಮಾಸ್ತರರು ಬೇಕಾಗಿ’
ಅಲ್ಲಿಗೆ ಹಲಗೆ ಮುಗಿದಿತ್ತು.
‘ಲ್ಲ’ ಮಾತ್ರ ಹಿಂದಿನ ಮೈಯಲ್ಲಿ, ದೊಡ್ಡದಾಗಿ, ಒಂಟಿಯಾಗಿ.
ಎದುರಿನಿಂದ ಬಂದವರಿಗೆ ಜಾಹೀರಾತು,
ಹಿಂದೆ ನಡೆದವರಿಗೆ ಬರೀ ಲ್ಲ.
ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗ ಕೇಳಿಯೂ ಕೇಳಿದ,
“ಸಂಬಳ ಎಷ್ಟು?”

ಪೈಂಟರ್ ಕುಂಞಂಬುವನ್ನು ಹಿಡಿದು ನಿಲ್ಲಿಸಿದೆ.
“ಮಾಷೇ, ನಾನು ಚಿತ್ರ ಬರೆಯುವವ,
ಮೀನಿನ ಅಂಗಡಿಗೆ ಅಯ್ಕೂರ, ನಿಮಗೆ ಅಕ್ಷರ.
ಓದುವ ಕೆಲಸ ನಿಮ್ಮದಲ್ಲವಾ?”
ಅಂದವ ಬೀಡಿ ಹಚ್ಚಿದ.

ಆಮೇಲೆ ‘ಕನ್ನಡ ಅಳಿಸಿ!’
ಉಳಿಸಿ ಎಂದು ಕೂಗುತ್ತಿದ್ದ ಬಾಯಿಗಳ ಮೇಲೆ
ಅಳಿಸಿ ತೂಗಾಡುತ್ತ ಹೋಯಿತು.
“ಈ ಬೇಡಿಕೆ ಆಗಲೇ ಮಂಜೂರಾಗಿದೆಯಲ್ಲ,
ಮತ್ತೆ ಎಂತಕ್ಕೆ ಬೊಬ್ಬೆ?” ಅಂದ ಮಣಿಯಾಣಿ.

ನನ್ನ ಬೋರ್ಡೂ ಇತ್ತು, ಹೇಳಿಬಿಡುತ್ತೇನೆ.
ಸ್ವಂತ ಕೈಬರಹ, ಒಂದು ಒತ್ತು ತಪ್ಪಿಲ್ಲ:
‘ಭಾಷಾಲ್ಪಸಂಖ್ಯಾತಹಕ್ಕುಚ್ಯುತಿಯು ಖಂಡನಾರ್ಹವು.’
ಘೋಷಣೆ ಕೂಗುವವ ಒಮ್ಮೆ ಕೂಗಿದ,
ಅರ್ಧದಲ್ಲಿ ಉಸಿರು ಕಟ್ಟಿ ನೀರು ಕೇಳಿದ.
ಅಣಂಗೂರು ದಾಟುವಾಗ ನನಗೇ ಹೊಳೆಯಿತು:
ಹಕ್ಕು, ಚ್ಯುತಿ! ಅರಿಸಮಾಸ!
ಯಾರಿಗೂ ಗೊತ್ತಾಗಲಿಲ್ಲ.
ಬೋರ್ಡು ಮಾತ್ರ ಅಲ್ಲಿಂದ ಮುಂದೆ
ತಲೆಗೆ ಬಿಸಿಲು ತಾಗದ ಹಾಗೆ ಅಡ್ಡ ಹಿಡಿದೆ.

ವಿದ್ಯಾನಗರದಲ್ಲಿ, ಕಲೆಕ್ಟರರ ಕಚೇರಿಯ ಗೇಟಿನ ಹೊರಗೆ
ಹಕ್ಕಿ ಮತ್ತು ಅಳಿಸಿ, ಎರಡನ್ನೂ ಬರೆದವಳು ಸಿಕ್ಕಿದಳು.
ಮಿಸ್ರಿಯಾ, ಐದನೇ ಕ್ಲಾಸು, ಕೈಯಲ್ಲಿ ಲಿಂಬೆ ಸರ್ಬತ್ತು.
ಪೆನ್ನು ತೆಗೆದೆ. “ಕೊಂಬು ಎಲ್ಲಿ ಮಗಾ? ಉ ಎಲ್ಲಿ?”

“ನಮಗೆ ಹೊಸ ಮಾಷ್ ಬಂದರು,
ಅವರಿಗೆ ಕನ್ನಡ ಬರ್ಲಿಕ್ಕಿಲ್ಲ.
ನಾವೇ ಹೇಳಿಕೊಟ್ಟೆವು, ಪಾಪ, ಒಳ್ಳೆಯವರು.
ಅ ಆಯ್ತು, ಆ ಆಯ್ತು, ಇ, ಈ...
ಉ ಬರುವಾಗ ಪರೀಕ್ಷೆ ಬಂತು.”

ಪೆನ್ನಿಗೆ ಮುಚ್ಚಳ ಹಾಕಿದೆ.
ಸರ್ಬತ್ತು ಕುಡಿದು ಮುಗಿಸಿ ಅವಳು
ಹಕ್ಕಿಯನ್ನು ಹೆಗಲಿಗೇರಿಸಿಕೊಂಡು ಗೇಟಿನ ಹತ್ತಿರ ಹೋದಳು.

ಎರಡು ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು.
ಎಲ್ಲ ಮಲಯಾಳ; ಕೊನೆಗೆ, ನಮ್ಮ ಮೇಲಿನ ದಾಕ್ಷಿಣ್ಯಕ್ಕೆ,
ಒಂದೇ ಒಂದು ಸಾಲು ಕನ್ನಡ:
‘ನಿಮ್ಮ ಮನವಿ ಸುಕ್ಕಿದೆ.’
ಹಳೆಯ ಚಾಳಿ, ಕೈ ಕಿಸೆಗೆ ಹೋಯಿತು.
ತಿದ್ದಲಿಲ್ಲ.
ನಮ್ಮ ಹಕ್ಕಿನಿಂದ ಬಿದ್ದ ಕೊಂಬು
ಯಾರ ಮೇಜಿಗೆ ಹೋಗಿ ಸೇರಿತು
ಎಂಬುದಾದರೂ ಗೊತ್ತಾಯಿತಲ್ಲ.